ಮೂಗಿನ ಸಾಕ್ಷಿ

"ಮೀನು ಮಾರುವವಳ ಮಗಳು ಡಾಕ್ಟರಾಗುವುದುಂಟಾ" ಎಂದು ಮೊದಲು ಹೇಳಿದವರು ನನ್ನ ವಾಸು ಮಾಮ, ಅಮ್ಮನ ಅಣ್ಣ. ಅವರ ನಂತರ ಹೇಳಿದ್ದು ಶಾಲೆಯ ಗಣಿತದ ಮಾಸ್ಟ್ರು, ಕೊನೆಗೆ ನಾನೇ. ಮಾಸ್ಟ್ರು ನನ್ನ ಅಂಕ ನೋಡಿ ಹೇಳಿದ್ದು, ನಾನು ಹೆದರಿ ಹೇಳಿಕೊಂಡದ್ದು. ಮಾಮ ಮಾತ್ರ ಪ್ರೀತಿಯಿಂದ ಹೇಳಿದ್ದರು. ನಮ್ಮಲ್ಲಿ ಸೋದರಮಾವನೆಂದರೆ ಮನೆಗೆ ಯಜಮಾನನಿದ್ದ ಹಾಗೆ. ಮಕ್ಕಳಿಗೆ ಮುಂದೆ ನಿರಾಸೆಯಾಗಬಾರದೆಂದು ಈಗಲೇ ಆಸೆಯನ್ನು ಕತ್ತರಿಸಿಬಿಡುವುದು ಯಜಮಾನನ ಕೆಲಸ ಎಂದು ಅವರು ತಿಳಿದಿದ್ದರು.

ಅಮ್ಮ ಉರ್ವ ಮಾರ್ಕೆಟಿನಲ್ಲಿ ಬಂಗುಡೆ, ಬೂತಾಯಿ ಮಾರಿದರು, ಅಪ್ಪ ಬೋಟಿನಲ್ಲಿ ದುಡಿದರು, ನಾನು ಸರಕಾರಿ ಸೀಟಿನಲ್ಲಿ ಓದಿದೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಬರೆಯುವಾಗ ಈಗಲೂ ಸ್ವಲ್ಪ ಎದೆಯುಬ್ಬುತ್ತದೆ, ಮುಚ್ಚಿಡುವುದಿಲ್ಲ. ಮಾಮನಿಗಂತೂ ಸೀಟು ಸಿಕ್ಕಿದ ದಿನದಿಂದ ತಾವೇ ನನ್ನನ್ನು ಓದಿಸಿದ ಭಾವನೆ. ಅವರು ಪಣಂಬೂರಿನ ಒಂದು ಕಂಪೆನಿಯ ಬಸ್ಸಿನ ಡ್ರೈವರು. ಬೆಳಿಗ್ಗೆ ನೌಕರರನ್ನು ಮನೆಗಳ ಹತ್ತಿರದಿಂದ ಹತ್ತಿಸಿಕೊಂಡು ಹೋಗಿ ಸಂಜೆ ಇಳಿಸುವುದು ಅವರ ಕೆಲಸ. ಆ ಬಸ್ಸಿನಲ್ಲಿ ನನ್ನ ಓದಿನ ಕಥೆ ಕೇಳದ ನೌಕರನಿಲ್ಲ. ಕೆಲವರು ಕೇಳಿ ಕೇಳಿ ಸಾಕಾಗಿ, ಬಿ.ಪಿ. ನೋಡಿಸಿಕೊಳ್ಳಲು ನನ್ನಲ್ಲಿಗೇ ಬಂದದ್ದುಂಟು.

ಆದರೆ ಡಾಕ್ಟರಾದರೆ ಊರಿನವರ ಬಾಯಿ ಮೂಸಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನಿರುವುದು ಸರಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಕುಡಿದು ಗಾಡಿ ಬಿಟ್ಟವರನ್ನು ಪೊಲೀಸರು ಅಲ್ಲಿಗೆ ತರುತ್ತಾರೆ. ಬಾಯಿಯಲ್ಲಿ ವಾಸನೆ ಉಂಟೇ, ಕಣ್ಣು ಕೆಂಪೇ, ಮಾತು ತೊದಲುತ್ತದೆಯೇ, ನಡಿಗೆ ನೆಟ್ಟಗಿದೆಯೇ ಎಂದು ನೋಡಿ ಬರೆದು ಸಹಿ ಹಾಕಿ ಕೊಡಬೇಕು. ಹೈಸ್ಕೂಲಿಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಸರಿದು ಕೂರುತ್ತಿದ್ದರು. ಈಗ ನನ್ನ ಮೂಗಿಗೆ ಸರಕಾರದ ಸೀಲು ಉಂಟು. ಬದುಕು ಹೀಗೂ ತಮಾಷೆ ಮಾಡುತ್ತದೆ.

ಕಾನೂನು ಓದಲು ಬಹಳ ಚೆಂದ. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮದ್ಯ ಮೀರಿದರೆ ಅಪರಾಧ. ಮೂವತ್ತು ಮಿಲಿಗ್ರಾಂ ಎಂದರೆ ಹೆಚ್ಚು ಕಡಿಮೆ ಕಲ್ಲುಪ್ಪಿನ ಒಂದು ಸಣ್ಣ ಹರಳು. ಅಷ್ಟು ಸೂಕ್ಷ್ಮವಾದ ಕಾನೂನು ನಮ್ಮ ಊರಿನ, ಬಾಟಲಿಯಿಲ್ಲದೆ ಮುಗಿಯದ ಮಧ್ಯಾಹ್ನದ ಕೋಳಿ ಊಟದ ಎದುರು ಬಂದು ನಿಂತರೆ ಅದರ ಅವಸ್ಥೆಯನ್ನು ನೋಡಬೇಕು. ಮೊದಲನೆಯದಾಗಿ, ಬಿಯರನ್ನು ಇಲ್ಲಿ ಯಾರೂ ಮದ್ಯವೆಂದು ಒಪ್ಪುವುದಿಲ್ಲ. "ಕುಡಿದದ್ದಲ್ಲ ಡಾಕ್ಟ್ರೆ, ಬಿಯರು" ಎಂದು ಎದೆ ತಟ್ಟಿ ಹೇಳಿದವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಇನ್ನು ಉಪಾಯಗಳು: ಏಲಕ್ಕಿ, ಪೇರಳೆ ಎಲೆ, ಹಸಿ ನೀರುಳ್ಳಿ, ಟೂತ್‌ಪೇಸ್ಟು. ಒಬ್ಬರು ಒಣಮೀನು ಜಗಿದು ಬಂದಿದ್ದರು. ಪಾಪ, ಪರೀಕ್ಷಕಿ ಯಾರ ಮಗಳೆಂದು ಅವರಿಗೆ ತಿಳಿದಿರಲಿಲ್ಲ.

ನಡಿಗೆಯ ಪರೀಕ್ಷೆಯ ಮೇಲೆ ನನಗೆ ನಂಬಿಕೆ ಕಡಿಮೆ. ನೆಲದ ಮೇಲೆ ಒಂದು ಗೆರೆ, ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಬೇಕು. ಆಳ ಸಮುದ್ರದಿಂದ ಬಂದು ದಕ್ಕೆಯಲ್ಲಿ ಇಳಿದ ದಿನ ನನ್ನ ಅಪ್ಪ ಈ ಗೆರೆಯ ಮೇಲೆ ನಡೆದರೆ ಖಂಡಿತ ಫೇಲು. ನೀರಿನ ಮೇಲೆ ದಿನಗಟ್ಟಲೆ ನಿಂತ ಕಾಲಿಗೆ ನೆಲವೇ ತೂಗುತ್ತದೆ. ಚಹಾ ಬಿಟ್ಟು ಬೇರೇನೂ ಕುಡಿಯದ ಅವರನ್ನು ಒಮ್ಮೆ ಪೊಲೀಸರು ಬದಿಗೆ ನಿಲ್ಲಿಸಿ ಊದಿಸಿದ್ದರು. ಹಾಗಾಗಿ ತೂರಾಡುವವರನ್ನು ಕಂಡರೆ ನಾನು ಮೊದಲು "ಬೋಟಿನಿಂದ ಯಾವಾಗ ಇಳಿದದ್ದು?" ಎಂದು ಕೇಳುತ್ತೇನೆ. ಹೊರ ಊರಿನಿಂದ ಬಂದ ನನ್ನ ಸಹೋದ್ಯೋಗಿಗಳು ಇದು ಯಾವ ಪಠ್ಯದಲ್ಲಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಇಷ್ಟರ ನಡುವೆ ಕಾನೂನಿನಲ್ಲಿ ಇನ್ನೊಂದು ಮಾತುಂಟು. ಹಿಡಿದ ಎರಡು ಗಂಟೆಯೊಳಗೆ ವೈದ್ಯರು ಪರೀಕ್ಷೆ ಮಾಡಬೇಕು, ಆಗದಿದ್ದರೆ ಹಿಡಿದವನನ್ನು ಬಿಡಬೇಕು. ಅಮಾಯಕರನ್ನು ಸುಮ್ಮನೆ ಕೂರಿಸಿ ಸತಾಯಿಸಬಾರದೆಂದು ಮಾಡಿದ ಒಳ್ಳೆಯ ನಿಯಮ. ಆದರೆ ನಮ್ಮ ಆಸ್ಪತ್ರೆಯಂಥ ಜಾಗದಲ್ಲಿ ಎರಡು ಗಂಟೆ ಕಳೆಯಲು ಯಾರೂ ತಪ್ಪು ಮಾಡಬೇಕಾಗಿಲ್ಲ. ಸುಮ್ಮನೆ ಕೆಲಸ ಮಾಡುತ್ತಿದ್ದರೆ ಸಾಕು.

ಆ ಭಾನುವಾರ ಮಧ್ಯಾಹ್ನ ವಾಸು ಮಾಮನನ್ನು ಒಬ್ಬ ಪೇದೆ ಕರೆದುಕೊಂಡು ಬಂದ. ಹಿಂದೆ ಸರೋಜ ಮಾಮಿ, ಸೀರೆಯ ನೆರಿಗೆ ಹಿಡಿದುಕೊಂಡು ಕುಂಟುತ್ತಿದ್ದರು. ಯಾರದೋ ಹೊಸ ಮನೆಯ ಒಕ್ಕಲಿನ ಮರುದಿನದ ಕೋಳಿ ಊಟಕ್ಕೆ ಇಬ್ಬರೂ ಸ್ಕೂಟರಿನಲ್ಲಿ ಹೋಗಿದ್ದರು. ಹಿಂದಿರುಗುವಾಗ ಮಣ್ಣಗುಡ್ಡದಲ್ಲಿ, ನಿಲ್ಲಿಸಿದ್ದ ಖಾಲಿ ರಿಕ್ಷಾಕ್ಕೆ ಮಾಮ ಸ್ಕೂಟರನ್ನು ಗುದ್ದಿದ್ದರು. ಊದುವ ಯಂತ್ರ ಬಾಯಿಗಿಟ್ಟರೆ ಊದುವ ಬದಲು ಒಳಗೆ ಎಳೆದುಕೊಂಡರಂತೆ. ಅದಕ್ಕೇ ಆಸ್ಪತ್ರೆ.

"ಎಂತ ಇಲ್ಲ ಡಾಕ್ಟ್ರೆ, ಸಣ್ಣದು" ಎಂದರು ಮಾಮ. ಬೇರೆಯವರ ಎದುರು ಅವರು ನನ್ನ ಹೆಸರು ಹಿಡಿಯುವುದಿಲ್ಲ. "ರಿಕ್ಷಾದವ ಅಡ್ಡ ಇಟ್ಟಿದ್ದ."

ಮಾಮಿ ನನ್ನನ್ನು ಪರದೆಯ ಹಿಂದೆ ಎಳೆದರು. "ಮಗಾ, ನೀನು ಸುಳ್ಳು ಬರೆಯುವುದು ಬೇಡ. ಅದನ್ನು ನಾನು ಕೇಳುವುದೂ ಇಲ್ಲ. ನಿನಗೆ ಎಷ್ಟು ಪೇಶೆಂಟು ಉಂಟು ನೋಡು. ಅವರನ್ನೆಲ್ಲ ನೋಡು, ಆಮೇಲೆ ನಮ್ಮನ್ನು ನೋಡು. ಅಷ್ಟೇ."

"ಮಾಮೀ..."

"ಕೇಸಾದರೆ ಲೈಸನ್ಸ್ ಹಿಡೀತಾರೆ. ಕಂಪೆನಿಯವರು ಮರುದಿನವೇ ಗೇಟಿನ ಹೊರಗೆ ನಿಲ್ಲಿಸ್ತಾರೆ. ಇವರಿಗೆ ಸ್ಟೇರಿಂಗ್ ಬಿಟ್ಟು ಬೇರೆ ಎಂತ ಗೊತ್ತುಂಟು ಮಾರಾಯ್ತಿ?"

ಪರದೆಯಾಚೆಯಿಂದ ಪೇದೆ ಕೆಮ್ಮಿದ. ಅವನು ಘಟ್ಟದ ಮೇಲಿನವನು, ಹುಬ್ಬಳ್ಳಿ ಕಡೆಯ ಮಾತು. "ಮೇಡಂರ, ನಿಮಗ ಇಲ್ಲಿ ಗದ್ದಲ ಭಾಳ ಐತಿ. ಅವಸರ ಏನಿಲ್ರಿ. ನಾವು ಕುಂತಿರ್ತೀವಿ."

ನೋಡಿ, ಎಷ್ಟು ಒಳ್ಳೆಯ ಜನ. ಲಂಚವಿಲ್ಲ, ಬೆದರಿಕೆಯಿಲ್ಲ, ಸುಳ್ಳು ಕೂಡ ಇಲ್ಲ. ಕಾನೂನು ಸಾಯುವುದು ದೊಡ್ಡವರ ಫೋನಿನಿಂದ ಎಂದು ನಾನು ತಿಳಿದಿದ್ದೆ. ಹೀಗೆ ಮರ್ಯಾದೆಯಿಂದ ಬೆಂಚಿನ ಮೇಲೆ ಕೂತು ಸಾಯುವುದೂ ಉಂಟೆಂದು ಆ ದಿನ ಗೊತ್ತಾಯಿತು. ಸಂಬಂಧಿಕರನ್ನು ನಾನು ಪರೀಕ್ಷಿಸುವುದು ಸರಿಯಲ್ಲವೆಂದು ಹಿರಿಯ ಡಾಕ್ಟರಿಗೆ ಫೋನು ಮಾಡಿದೆ. ಅವರು ಉಡುಪಿಯಲ್ಲಿದ್ದರು. "ನಾನು ಹೊರಟು ಬರ್ತೇನೆ, ಆದರೆ ನಿಮ್ಮ ಎರಡು ಗಂಟೆ ಮುಗಿದಿರ್ತದೆ. ಬೇರೆ ಯಾರೂ ಇಲ್ಲದಿದ್ದರೆ ಸಂಬಂಧ ಏನೆಂದು ಬರೆದು ನೀವೇ ಮಾಡಿ. ರಕ್ತವನ್ನೂ ತೆಗೆದು ಕಳಿಸಿ" ಎಂದರು. ಬೇರೆ ಯಾರೂ ಇರಲಿಲ್ಲ.

ನಾನು ನಾಯಿ ಕಚ್ಚಿದವರೊಬ್ಬರಿಗೆ ಚುಚ್ಚುಮದ್ದು ಬರೆದೆ. ವಾಂತಿಯಾಗುತ್ತಿದ್ದ ಅಜ್ಜಿಗೆ ಡ್ರಿಪ್ ಹಾಕಿಸಿದೆ. ಎರಡೂ ಮಾಡಲೇಬೇಕಾದ ಕೆಲಸ. ನಂತರ ಕೈ ತೊಳೆಯಲು ಹೋದವಳು ತೊಳೆಯುತ್ತಲೇ ನಿಂತೆ. ಸೋಪಿನ ನೊರೆ ಹೋದ ಮೇಲೂ ನೀರು ಹರಿಯುತ್ತಿತ್ತು. ಹೀಗೇ ಇನ್ನೊಂದಿಷ್ಟು ಹೊತ್ತು ಸ್ವಚ್ಛಳಾಗಿದ್ದರೆ ಮಾಮನ ಕೆಲಸ ಉಳಿಯುತ್ತಿತ್ತು. ಸೀಟಿನ ಕೌನ್ಸೆಲಿಂಗಿನ ದಿನ ರಜೆ ಹಾಕಿ ನನ್ನನ್ನೂ ಅಮ್ಮನನ್ನೂ ಕರೆದುಕೊಂಡು ಹೋದವರು ಅವರು. ಹಾಸ್ಟೆಲಿಗೆ ಹೋಗುವಾಗ ನನ್ನ ಟ್ರಂಕನ್ನು ಮೂರನೇ ಮಾಳಿಗೆಗೆ ಹೊತ್ತವರೂ ಅವರೇ.

ನಲ್ಲಿ ನಿಲ್ಲಿಸಿ ಬಂದು, ಮೊದಲು ಮಾಮಿಗೆ ಕಾಲು ತೋರಿಸಲು ಹೇಳಿದೆ. ಬೇಡವೆಂದರು. ನೆರಿಗೆ ಸರಿಸಿದರೆ ಮೊಣಕಾಲಿನ ಚರ್ಮ ಒಂದು ಕಡೆ ಪೂರ್ತಿ ಕಿತ್ತು ಬಂದಿತ್ತು, ಒಳಗೆ ರಸ್ತೆಯ ಚೂರು ಕಲ್ಲುಗಳಿದ್ದವು. ಒಂದೊಂದಾಗಿ ತೆಗೆದೆ. ಮಾಮಿ ಹಲ್ಲು ಕಚ್ಚಿ ಗೋಡೆಯನ್ನು ನೋಡುತ್ತಿದ್ದರು. ಸ್ಕೂಟರಿನ ಹಿಂದೆ ಕೂತದ್ದು ಒಬ್ಬರೇ, ಗುದ್ದಿದ್ದು ಖಾಲಿ ರಿಕ್ಷಾಕ್ಕೆ. ನಾಳೆ ಬೆಳಿಗ್ಗೆ ಪಣಂಬೂರಿನ ಬಸ್ಸು ತುಂಬಿರುತ್ತದೆ. ಅದರಲ್ಲಿ ನನ್ನಲ್ಲಿಗೆ ಬಿ.ಪಿ. ತೋರಿಸಲು ಬಂದವರೂ ಇರುತ್ತಾರೆ, ನನ್ನ ಕಥೆ ಕೇಳುತ್ತಾ, ಡ್ರೈವರನ್ನು ನಂಬಿ. ನಾನು ಬೇರೇನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಎರಡು ಗಂಟೆ ಆಗಿಬಿಡುತ್ತಿತ್ತು.

"ಮಾಮಾ, ಬಾಯಿ ತೆರೆಯಿರಿ."

ಅವರು ನನ್ನನ್ನೇ ನೋಡಿದರು. "ನೀನೇ ಮಾಡುವುದಾ?"

"ನಾನೇ."

ಬಾಯಿ ತೆರೆದರು. ಏಲಕ್ಕಿ ಇತ್ತು, ಏಲಕ್ಕಿಯ ಹಿಂದೆ ಅದೂ ಇತ್ತು. ಅದು ಬರೀ ಬಿಯರಿನ ವಾಸನೆಯಲ್ಲ. ಗೆರೆಯ ಮೇಲೆ ಅವರು ಚೆನ್ನಾಗಿಯೇ ನಡೆದರು, ತುದಿಗೆ ಹೋಗಿ ಪಾಸಾದೆನೇ ಎಂಬಂತೆ ತಿರುಗಿ ನಿಂತರು. ಹಾಗೆ ನೋಡುವವರನ್ನು ಫೇಲು ಮಾಡುವುದು ಕಷ್ಟ. ನನ್ನ ಮೂಗೊಂದನ್ನೇ ನಂಬಬೇಕಾಗಿಲ್ಲವೆಂದು ರಕ್ತ ತೆಗೆದೆ. ವರ್ಷಗಟ್ಟಲೆ ಸ್ಟೇರಿಂಗ್ ತಿರುಗಿಸಿದ ಕೈ, ನರ ಎದ್ದು ಕಾಣುತ್ತಿತ್ತು. ಸೂಜಿ ಚುಚ್ಚುವಾಗ ಅವರು ಮುಖ ಆಚೆ ತಿರುಗಿಸಿದರು. ಸೂಜಿಗೆ ಹೆದರಿಯೋ, ನನ್ನನ್ನು ನೋಡಲಾಗದೆಯೋ, ಕೇಳಲಿಲ್ಲ.

ಬರೆದೆ. ಉಸಿರಿನಲ್ಲಿ ಮದ್ಯದ ವಾಸನೆ ಇದೆ, ನಡಿಗೆ ಸರಿಯಿದೆ, ರಕ್ತದ ಮಾದರಿ ತೆಗೆಯಲಾಗಿದೆ. ಪರೀಕ್ಷೆಗೆ ಒಳಗಾದವರು ನನ್ನ ಸೋದರಮಾವ, ಬೇರೆ ವೈದ್ಯರು ಲಭ್ಯವಿರಲಿಲ್ಲ. ಪೇದೆ ಆ ಕೊನೆಯ ಸಾಲನ್ನು ಎರಡು ಸಲ ಓದಿದ. ಸರ್ಟಿಫಿಕೇಟನ್ನು ಮಡಚಿ ಕಿಸೆಗಿಟ್ಟುಕೊಂಡ. ಮಾಮ ಅವನ ಹಿಂದೆ ಹೋದರು.

ಮಾಮಿ ಬೆಂಚು ಹಿಡಿದು ಎದ್ದು ನಿಂತರು. ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಅವರು ಸೀರೆಯ ನೆರಿಗೆಯನ್ನು ಬ್ಯಾಂಡೇಜಿನ ಮೇಲೆ ಇಳಿಬಿಟ್ಟು, ಬಾಗಿಲ ಕಡೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದರು:

"ನೀನು ಇವತ್ತು ಒಂದು ದಿನ ಮೂಸಿದ್ದು ಮಗಾ. ಬಸ್ಸಿಗೆ ಹೊರಡುವಾಗ ನಾನು ದಿನಾ ಬೆಳಿಗ್ಗೆ ಮೂಸಿಯೇ ಕಳಿಸುವುದು. ನನ್ನ ಹತ್ರ ಮಾತ್ರ ಯಾರೂ ಬರೆದು ಕೊಡು ಅಂತ ಕೇಳ್ಲಿಲ್ಲ."