ಊಟದ ಕೈ ಕಡೆಗೆ

ನನಗೆ ಎಡ ಬಲ ತಿಳಿಯದು ಎಂಬ ಸಂಗತಿ ಮದುವೆಯಾಗುವವರೆಗೂ ಹೊರಗೆ ಬಿದ್ದಿರಲಿಲ್ಲ. ಮೆಟ್ರೋದಲ್ಲಿ ಓಡಾಡುವವಳಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಬಾಗಿಲು ಯಾವ ಕಡೆ ತೆರೆದರೂ ದೆಹಲಿಯ ಜನ ನಮ್ಮನ್ನು ಅತ್ತಲೇ ತಳ್ಳಿಕೊಂಡು ಹೋಗುತ್ತಾರೆ.

ತಪ್ಪು ಅಜ್ಜಿಯದು. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುತ್ತಿದ್ದರಿಂದ ನಾನು ಕನ್ನಡ ಕಲಿತದ್ದು ಅವಳ ಬಾಯಿಂದ, ಲೋಧಿ ಕಾಲೋನಿಯ ಸರಕಾರಿ ಮನೆಯ ಅಡುಗೆಕೋಣೆಯಲ್ಲಿ. ಅವಳ ಕನ್ನಡದಲ್ಲಿ ಬಲಗೈ ಎಂಬುದಿರಲಿಲ್ಲ, ಊಟದ ಕೈ ಇತ್ತು. ಇನ್ನೊಂದಕ್ಕೆ ಹೆಸರಿಟ್ಟು ಕರೆಯುವುದು ಮರ್ಯಾದೆಯಲ್ಲವೆಂದು ಬರೀ ‘ಆ ಕೈ’ ಅನ್ನುತ್ತಿದ್ದಳು. ಹಾಗಾಗಿ ಯಾರಾದರೂ ಬಲಕ್ಕೆ ಹೋಗಿ ಎಂದರೆ ಇವತ್ತಿಗೂ ನನ್ನ ಬೆರಳುಗಳು ತಾವಾಗಿ ಒಂದು ತುತ್ತು ಅನ್ನ ಕಲಸುತ್ತವೆ. ಕಲಸಿದ್ದು ಯಾವ ಕೈ ಎಂದು ನೋಡಿಕೊಂಡು ಆಮೇಲೆ ಹೆಜ್ಜೆ ಇಡುತ್ತೇನೆ.

ಕಟ್ಟಿಕೊಂಡದ್ದು ಪೋರ್ಚುಗಲ್‌ನವನನ್ನು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದಿದ್ದ. ಅವನ ಕೆಲಸ ಮುಗಿಯುತ್ತಾ ಬಂದು, ಇಬ್ಬರೂ ಅವನ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಗುಡ್ಡದ ಮೇಲಿನ ಊರು. ಬಸ್ಸು ಬರುವುದು ಅದಕ್ಕೆ ಮನಸ್ಸಾದಾಗ. ಇಲ್ಲಿಂದ ಲೈಸೆನ್ಸ್ ಒಯ್ದರೆ ಅಲ್ಲಿ ಮೊದಲ ಕೆಲವು ತಿಂಗಳು ಕಾರು ಓಡಿಸಬಹುದಂತೆ. ಇಲ್ಲವಾದರೆ ಅವರ ಭಾಷೆ ಕಲಿತು, ಅದರಲ್ಲೇ ಪರೀಕ್ಷೆ ಪಾಸಾಗುವ ತನಕ ಗಂಡ ಕರೆದುಕೊಂಡು ಹೋದಲ್ಲಿಗೆ ಹೋಗುವುದು.

ಇದನ್ನು ಕೇಳಿದ್ದೇ ಅಜ್ಜಿ ಬಿಡಿಸುತ್ತಿದ್ದ ಬಟಾಣಿಯನ್ನು ಪಕ್ಕಕ್ಕಿಟ್ಟಳು. ಈಗ ನಾವೆಲ್ಲ ದೆಹಲಿಯದೇ ದ್ವಾರಕಾ ಬಡಾವಣೆಯ ಫ್ಲ್ಯಾಟಿನಲ್ಲಿದ್ದರೂ ಅವಳ ಮನಸ್ಸು ಹಳೆಯ ಮನೆಗೆ ಹೋಗಿಬಂದಿತ್ತು.

“ನಿಮ್ಮ ತಾತ ಸ್ಕೂಟರ್ ತೆಗೆದ್ರೆ ಉಂಟು, ಇಲ್ದಿದ್ರೆ ನಾನು ಕಿಟಕೀಲಿ. ಸರೋಜಿನಿ ನಗರದ ಮಾರ್ಕೆಟ್ಟು ಅಷ್ಟು ಹತ್ರ ಇದ್ರೂ ಒಂದು ಸೂಜಿ ಬೇಕಂದ್ರೆ ಭಾನುವಾರದ ತನಕ ಕಾಯ್ಬೇಕಿತ್ತು. ನೀನು ಅಲ್ಲಿ ಹೋಗಿ ಕಿಟಕಿ ಸರಳು ಹಿಡ್ಕೊಂಡು ಕೂತ್ಕೋಬೇಡ ಕಣೇ. ಮೊದ್ಲು ಲೈಸೆನ್ಸು, ಆಮೇಲೆ ವಿಮಾನ.”

“ಅಲ್ಲಿ ಕಿಟಕಿಗೆ ಸರಳೇ ಇರಲ್ವಂತೆ ಅಜ್ಜಿ.”

“ಹಿಡ್ಕೊಳ್ಳೋಕೆ ಅದೂ ಇಲ್ವಾ!”

ಕಾರು ಕಲಿಸಲು ಬಂದವರನ್ನು ಮಾಸ್ಟರ್‌ಜಿ ಎನ್ನುತ್ತಿದ್ದೆವು. ಸದಾ ಸೋಂಪು ಜಗಿಯುವ ಶಾಂತ ಮನುಷ್ಯ. ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ನನಗಿಂತ ಅದರ ಮೇಲೇ ಅವರಿಗೆ ನಂಬಿಕೆ. ಹಿಂದಿನ ಸೀಟಿನಲ್ಲಿ ನನ್ನ ಗಂಡ. ಮನೆಯೂಟದಲ್ಲಿ ಹೆಕ್ಕಿಕೊಂಡ ನಾಲ್ಕು ಕನ್ನಡ ಮಾತುಗಳು ಅವನ ಬಳಿ ಇದ್ದವು. ಮಾಸ್ಟರ್‌ಜಿಗೆ ಕನ್ನಡ ಬಾರದು, ಆದ್ದರಿಂದ ಅದರಲ್ಲೇ ಗುಟ್ಟಾಗಿ ಹೇಳಿಕೊಡುತ್ತೇನೆ ಎಂದು ಅವನ ಹುಮ್ಮಸ್ಸು.

“ಬಾಯೇ ಲೀಜಿಯೇ ಮೇಡಂ,” ಅಂದರು ಮಾಸ್ಟರ್‌ಜಿ. ಎಡಕ್ಕೆ ತಿರುಗಿಸಿ ಎಂದು.

“ಊಟದ ಕೈ! ಊಟದ ಕೈ!” ಅಂತ ಹಿಂದಿನಿಂದ ಪಿಸುಮಾತು.

ನಾನು ಬಲಕ್ಕೆ ತಿರುಗಿಸಿದೆ. ತರಕಾರಿ ಗಾಡಿಯ ಭಯ್ಯಾ ಒಂದು ಹೂಕೋಸನ್ನು ಎದೆಗವಚಿಕೊಂಡು ಪಕ್ಕಕ್ಕೆ ನೆಗೆದ.

“ಅರೇ ಮೇಡಂ, ಬಾಯೇ ಬೋಲಾ ಥಾ!”

ಪ್ರತಿ ತಿರುವಿನಲ್ಲೂ ಇದೇ. ಹುಟ್ಟಿದಾಗಿನಿಂದ ಹಿಂದಿ ಕೇಳಿಕೊಂಡು ಬೆಳೆದವಳು, ಆದರೂ ನನಗೇ ಅನುಮಾನ ಬರತೊಡಗಿತು. ಗಂಡನ ಮೇಲೆ ಬರಲಿಲ್ಲ. ಹೊಸದಾಗಿ ಮದುವೆಯಾಗಿತ್ತು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಪಕ್ಕದಲ್ಲಿ ಕುಳಿತು “ಬಾಯೇ” ಎಂದರು. ಬೆರಳು ಎಂದಿನಂತೆ ಅನ್ನ ಕಲಸಿತು. ಆದರೆ ತಲೆಯೊಳಗೆ ಗಂಡ ಊಟದ ಕೈ, ಊಟದ ಕೈ ಎಂದು ಪಿಸುಗುಟ್ಟುತ್ತಿದ್ದ. ಇಂಡಿಕೇಟರ್ ಬಲಕ್ಕೆ ಹಾಕಿದೆ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ, ಆಮೇಲೆ ಎರಡೂ ಬೇಡವೆಂದು ನಡುದಾರಿಯಲ್ಲಿ ನಿಲ್ಲಿಸಿಬಿಟ್ಟೆ.

“ಮೇಡಂ, ಆಪ್ ಕೋ ಜಾನಾ ಕಹಾಂ ಹೈ?” ಹೋಗಬೇಕಾದ್ದು ಎಲ್ಲಿಗೆ ಎಂದು ಅವರು ಬೇಸತ್ತು ಕೇಳಿದರು.

“ಪೋರ್ಚುಗಲ್,” ಎಂದೆ.

ಫೇಲಾದೆ.

ಮನೆಗೆ ಬಂದು ಅಳುವುದೊಂದು ಬಾಕಿ. ವಿಮಾನದ ಟಿಕೆಟ್ ಆಗಿಹೋಗಿತ್ತು. ಹೊರಡುವ ಮೊದಲು ಇನ್ನು ಒಂದೇ ಸಲ ಪರೀಕ್ಷೆಗೆ ಕೂರಲು ಅವಕಾಶ. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಅಜ್ಜಿ ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

“ಅಳಿಯಂದ್ರೇ, ಊಟದ ಕೈ ಯಾವುದು, ತೋರಿಸಿ ನೋಡೋಣ.”

ಅವನು ತರಗತಿಯ ಜಾಣನಂತೆ ಎಡಗೈ ಎತ್ತಿದ.

“ನೀವೇ ಹೇಳಿದ್ದು ಅಜ್ಜಿ. ದಿನಾ ಹೇಳಿದ್ದು.”

ಹೇಳಿದ್ದು ನಿಜ. ನನ್ನ ಗಂಡ ಎಡಚ. ಎಡಗೈಯಿಂದ ಚಪಾತಿ ಮುರಿದಾಗಲೆಲ್ಲ ಅಜ್ಜಿ ಆ ಕೈಯನ್ನೇ ದಿಟ್ಟಿಸಿ “ಅಳಿಯಂದ್ರೇ, ಊಟದ ಕೈ!” ಎಂದು ಗದರುತ್ತಿದ್ದಳು. ಆ ಕೈಯ ಹೆಸರೇ ಅದೆಂದು ಅವನು ತಿಳಿದ. ಉಣ್ಣುವುದೂ ಅದರಲ್ಲೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ತೀರ್ಪು ಕೊಟ್ಟಳು. “ಈ ಸಲ ಅಳಿಯಂದ್ರು ಮನೇಲೇ ಇರ್ಲಿ. ನನ್ ಜೊತೆ ಬಟಾಣಿ ಬಿಡಿಸ್ಲಿ.”

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಅವಳು ಇಂಗು ಮುಂದಾಗಿ ಹಾಕಿದ ಸಾರು ಮಾಡಿ ಅನ್ನ ಬಡಿಸಿದಳು. ತಿಂದು ಎದ್ದವಳು ಸಾಬೂನು ಹುಡುಕಿದರೆ ಅದು ಅವಳ ಮುಷ್ಟಿಯಲ್ಲಿತ್ತು.

“ಬರೀ ನೀರಲ್ಲಿ ತೊಳ್ಕೋ. ಗಾಬರಿಯಾದ್ರೆ ಮೂಸಿ ನೋಡು. ಯಾವ ಕೈ ಘಮ್ ಅನ್ನುತ್ತೋ ಅದು ಊಟದ ಕೈ. ಯಾರ ಮಾತೂ ಕೇಳ್ಬೇಡ, ನನ್ನದೂ.”

ಸಾಹೇಬರು ಗುರುತು ಹಿಡಿದರು. “ಅಚ್ಛಾ, ಪೋರ್ಚುಗಲ್ ವಾಲೀ ಮೇಡಂ! ಚಲಿಯೇ.”

ಪ್ರತಿ ತಿರುವಿಗೂ ನಾನು ಮೂಗು ತುರಿಸಿಕೊಂಡೆ. ಬಲ ಬಲವಾಯಿತು, ಎಡ ಎಡವಾಯಿತು. ಕೊನೆಯ ತಿರುವಿನಲ್ಲಿ ಸಾಹೇಬರೂ ಗಾಳಿ ಮೂಸಿದರು.

“ಗಾಡೀ ಮೇಂ ಹೀಂಗ್ ಕೀ ಖುಶ್ಬೂ ಹೈ ಕ್ಯಾ?” ಇಂಗಿನ ವಾಸನೆಯೇ ಎಂದು ಕೇಳಿ, ಅವರೇ ಗಡಿಯಾರ ನೋಡಿಕೊಂಡರು. ಊಟದ ಹೊತ್ತು ಹತ್ತಿರವಾಗಿತ್ತು. ಪಾಸು ಮಾಡಿದರು.

ಲೈಸೆನ್ಸ್ ಕೈಗೆ ಬಂದ ಮರುದಿನ ಅಪ್ಪನ ಹಳೆಯ ಕಾರು ತೆಗೆದೆ. ಅಜ್ಜಿ ಬೀಗುತ್ತ ಮುಂದಿನ ಸೀಟಿನಲ್ಲಿ ಕುಳಿತಳು. ಗಂಡನಿಗೆ ಹಿಂದಿನ ಸೀಟು, ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಅವನು ಸಿಗ್ನಲ್ ತನಕ ತಡೆದುಕೊಂಡ.

“ಅಜ್ಜಿ, ನಮ್ಮ ಊರಲ್ಲಿ ಕಾರು ಎಲ್ಲಾ...” ಎಂದು ಎಡಗೈ ಎತ್ತಿದವನು ಅದನ್ನೊಮ್ಮೆ ನೋಡಿ ಇಳಿಸಿ, ಬಲಗೈ ಎತ್ತಿದ. “ಊಟದ ಕೈ ಕಡೆ ಹೋಗುತ್ತೆ.”

“ಎಲ್ಲಾರದೂನಾ?”

“ಎಲ್ಲಾರದೂ.”

ಅಜ್ಜಿ ಸ್ವಲ್ಪ ಯೋಚಿಸಿದಳು. “ಹಾಗಾದ್ರೆ ಊರು ಒಳ್ಳೇದೇ. ಕೆಟ್ಟ ಚಾಳಿ ನಿಮ್ಮೊಬ್ಬರದೇ ಅನ್ನಿ.”

ಹಸಿರು ಬಿತ್ತು. ಎಲ್ಲಿಗೆ ಅಜ್ಜಿ ಎಂದು ಕೇಳಿದೆ.

“ಸರೋಜಿನಿ ನಗರ. ಸೂಜಿ ತಗೋಬೇಕು.”

“ಮನೇಲಿ ಡಬ್ಬಿ ತುಂಬ ಇದೆಯಲ್ಲ?”

“ಇರ್ಲಿ ಬಿಡೇ,” ಅಂದಳು ಅಜ್ಜಿ, ಕಿಟಕಿಯ ಗಾಜು ಇಳಿಸುತ್ತ. “ಇವತ್ತು ಮಂಗಳವಾರ.”