ಬಾಗಿಲ ಹೊರಗೆ ಕುಳಿತ ರೇಣುಕಾ

ಎರಡು ವರ್ಷದ ಹಿಂದಿನ ಮಾತು. ಗದಗ ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಬ್ರಿಟಿಷರ ಕಾಲದಲ್ಲಿ ಮಕ್ಕಳ ಬದುಕು ಹೇಗಿತ್ತೆಂದು ಬರೀ ಓದಿಸುವ ಬದಲು ಮಾಡಿಸಿಯೇ ತೋರಿಸೋಣವೆಂದು, ಒಂದು ಶನಿವಾರ ತರಗತಿಯನ್ನೇ ಹಳೇ ಕಾಲದ ಶಾಲೆ ಮಾಡಿದೆ. ಮಕ್ಕಳು ಅಜ್ಜಂದಿರ ಟೋಪಿ ಹಾಕಿಕೊಂಡು ಬಂದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಬೀಸುವ ಕಲ್ಲಿನಲ್ಲಿ ಜೋಳ ಬೀಸಿ ಕೈ ಕೆಂಪಗೆ ಮಾಡಿಕೊಂಡರು. ನೋಡಲು ಮಕ್ಕಳ ಮನೆಯವರೂ ಬಂದಿದ್ದರು.

ಆ ಕಾಲದಲ್ಲಿ ಕೆಲವು ಜಾತಿಯ ಮಕ್ಕಳನ್ನು ಹೊರಗೆ ಕೂರಿಸುತ್ತಿದ್ದರಲ್ಲ, ಅದನ್ನೂ ತೋರಿಸಬೇಕಿತ್ತು. "ರೇಣುಕಾ, ಸ್ಲೇಟ್ ತಗೊಂಡು ಬಾಗಲದ ಹೊರಗ ಕುಂಡ್ರವಾ," ಎಂದೆ. ಅವಳು ಹೋಗಿ ಕುಳಿತಳು. ಕತ್ತು ಚಾಚಿ ಕರಿಹಲಗೆ ನೋಡುತ್ತ ಬರೆದಳು. ನಾನು ಖುಷಿಯಿಂದ ಫೋಟೊ ತೆಗೆದೆ.

ಎಲ್ಲ ಮುಗಿದ ಮೇಲೆ ಅವಳ ಅಜ್ಜ ನನ್ನ ಬಳಿ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾರ, ನಮ್ಮಪ್ಪ ಹಿಂಗಽ ಹೊರಗ ಕುಂತು ನಾಕ ಅಕ್ಷರ ಕಲ್ತಿದ್ದ. ನೀವು ತೋರ್ಸಿದ್ದು ಖರೆ ಐತ್ರಿ. ಆದ್ರ ಇಷ್ಟ ಹುಡುಗ್ರೊಳಗ ನಮ್ಮ ಹುಡುಗೀನಽ ಯಾಕ ಆರಿಸಿದ್ರಿ?"

ಅವರ ಓಣಿ ಯಾವುದೆಂದು ನನಗೆ ಗೊತ್ತಿತ್ತು. ಅವಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಜಾತಿ ತುಂಬಿದ್ದೂ ನಾನೇ. ಬೇಕೆಂದೇ ಆರಿಸಿರಲಿಲ್ಲ, ನಿಜ. ಆದರೆ ಬೇರೆ ಯಾರ ಕಡೆಗೂ ನನ್ನ ಕಣ್ಣು ಹೋಗಿರಲೂ ಇಲ್ಲ.

"ಚೀಟಿ ಎತ್ತಿದ್ವಿ ಅಜ್ಜಾರ, ಆಕಿ ಹೆಸರು ಬಂತು," ಎಂದುಬಿಟ್ಟೆ.

"ಹೌದೇನ್ರಿ? ಹಂಗಾದ್ರ ಆತು ಬಿಡ್ರಿ," ಎಂದು ಅಜ್ಜ ಕೈಮುಗಿದರು. ಪಕ್ಕದಲ್ಲೇ ನಿಂತಿದ್ದ ರೇಣುಕಾ ನನ್ನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಸೋಮವಾರ ಅವಳನ್ನು ಕರೆದು, "ನಂದು ತಪ್ಪಾತವಾ," ಎಂದೆ.

"ಇರ್ಲಿ ಬಿಡ್ರಿ ಟೀಚರ್. ಚೀಟಿ ಎತ್ತಿಲ್ಲಂತ ನಾ ಅಜ್ಜಗ ಹೇಳಿಲ್ರಿ."

ಹನ್ನೆರಡು ವರ್ಷದ ಹುಡುಗಿ ನನ್ನ ಮಾನ ಉಳಿಸಿದ್ದಳು. ಅಜ್ಜನ ಮನೆಗೇ ಹೋಗಿ ನಿಜ ಹೇಳಬೇಕೆಂದುಕೊಂಡೆ. ಪರೀಕ್ಷೆ, ರಜೆ ಎನ್ನುತ್ತ ದಿನ ತಳ್ಳಿದೆ. ಅಷ್ಟರಲ್ಲಿ ಬೆಟಗೇರಿಗೆ ವರ್ಗವಾಯಿತು.

ಮೊನ್ನೆ ಬಸ್ಸಿನಲ್ಲಿ ರೇಣುಕಾ ಸಿಕ್ಕಳು. ಈಗ ಹೈಸ್ಕೂಲು. ಸರಿದು ಕೂತು ನನಗೂ ಜಾಗ ಕೊಟ್ಟಳು.

"ಅಜ್ಜ ಹೆಂಗದಾರವಾ?"

"ಆರಾಮ ಅದಾರ್ರಿ. ನಿಮ್ಮನ್ನ ಭಾಳ ನೆನಸ್ತಾರ್ರಿ. ಚೊಲೋ ಟೀಚರ್ ಇದ್ರು ಅಂತಾರ."

ಆ ಹಳ್ಳಿ ಬೆಟಗೇರಿಯಿಂದ ಬಸ್ಸಿಗೆ ಅರ್ಧ ಗಂಟೆಯ ಹಾದಿ. ನಾನಿನ್ನೂ ಹೋಗಿಲ್ಲ.