ದೊನ್ನೆಯಲ್ಲಿ ಬೆಳೆಸಿದ ಸೂರ್ಯಕಾಂತಿ

ನಾನು ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದ ಮೊದಲ ವರ್ಷವೇ ನಮ್ಮ ಅವ್ವನಿಗೂ ಅತ್ತೆಗೂ ಮಾತು ನಿಂತುಹೋಯಿತು. ಕಾರಣ ಕೇಳಿದರೆ ನೀವು ನಗುತ್ತೀರಿ: ಒಂದು ಕಟ್ಟು ಸೂರ್ಯಕಾಂತಿ ಸಸಿ. ನನಗೆ ಮಾತ್ರ ಆಗ ನಗು ಬರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ನಮ್ಮ ಕಡೆ ಸೂರ್ಯಕಾಂತಿ ಆಗಿನ್ನೂ ಹೊಸ ಬೆಳೆ. ನನ್ನ ತವರೂರು ಕುರುಗೋಡಿನಲ್ಲಿದ್ದ ಅವ್ವನಿಗೆ ಎಲ್ಲಿಂದಲೋ ಒಂದಿಷ್ಟು ಬೀಜ ಸಿಕ್ಕಿತ್ತು. ನೇರ ಹೊಲಕ್ಕೆ ಹಾಕಿದರೆ ಅಳಿಲು, ಗುಬ್ಬಿ ಬಿಡುವುದಿಲ್ಲವೆಂದು ಮೆಣಸಿನಕಾಯಿ ಸಸಿಮಡಿಯ ಮೂಲೆಯಲ್ಲೇ ಊರಿದಳು. ಮೆಣಸಿನ ಸಸಿಯನ್ನು ನಮ್ಮವರು ಮಡಿಯಿಂದ ಕಿತ್ತು, ಬೇರಿನ ಮಣ್ಣು ಕೊಡವಿ, ಕಟ್ಟು ಕಟ್ಟಿ, ಒದ್ದೆ ಬಟ್ಟೆ ಸುತ್ತಿಟ್ಟು ಮರುದಿನ ಹೊಲಕ್ಕೆ ಹಚ್ಚುತ್ತಾರೆ. ಅದು ಬಾಡಿದರೂ ಮತ್ತೆ ಎದ್ದು ನಿಲ್ಲುತ್ತದೆ. ಅವ್ವ ಇದಕ್ಕೂ ಹಾಗೇ ಮಾಡಿ, ಮಗಳ ಮನೆಯ ಹಿತ್ತಲಿಗಿರಲಿ ಎಂದು ಒಂದು ಕಟ್ಟನ್ನು ಬಸ್ಸಿನಲ್ಲಿ ತಾನೇ ತಂದಳು. ಅತ್ತೆ ಸಿರುಗುಪ್ಪದ ಕಡೆಯವರು, ಭತ್ತದ ನಾಟಿಯಲ್ಲಿ ಪಳಗಿದ ಕೈ. ಅವರೂ ಎರಡು ಮಾತಾಡದೆ ಕೆಸರು ಮಾಡಿ ನೆಟ್ಟರು. ಸಂಜೆಗೆ ಎಲ್ಲವೂ ತಲೆ ಬಗ್ಗಿಸಿದವು, ಬೆಳಗಾಗುವಷ್ಟರಲ್ಲಿ ನೆಲಕ್ಕೆ ಅಂಟಿದ್ದವು.

"ಇವರ ಮನೀದು ಏನೂ ನಮ್ಮಲ್ಲಿ ಉಳಿಯಂಗಿಲ್ಲ ಬಿಡು," ಎಂದರು ಅತ್ತೆ, ಹಿತ್ತಲಲ್ಲಿ ನಿಂತು. ಅವರ ಬಾಯಿ ಯಾವಾಗಲೂ ಮನಸ್ಸಿಗಿಂತ ಮುಂದೆ ಓಡುತ್ತಿತ್ತು. ನನಗೆ ಚುರುಕ್ ಎಂದಿತು. ನಾನೂ ಆ ಮನೆಯವಳೇ ಅಲ್ಲವೇ? ರಾತ್ರಿ ನಮ್ಮಲ್ಲೇ ಉಳಿದು ಅಡುಗೆಮನೆಯಲ್ಲಿದ್ದ ಅವ್ವನೂ ಕೇಳಿಸಿಕೊಂಡಳು. ಚಹದ ಲೋಟ ಕೆಳಗಿಟ್ಟು, ಚೀಲ ಹಿಡಿದು ಹೋದವಳು ಆಮೇಲೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ದೀಪಾವಳಿಗೂ ಬರಲಿಲ್ಲ. ಬಳ್ಳಾರಿಗೆ ಬಂದರೂ ನಮ್ಮ ಹತ್ತಿರದ ಗಾಂಧಿನಗರದಲ್ಲಿ ಕೆಲಸ ಮುಗಿಸಿ ಹಾಗೇ ಹಿಂದಿರುಗುತ್ತಿದ್ದಳಂತೆ. ಅದನ್ನು ಕೇಳಿದ ದಿನ ಬಚ್ಚಲಲ್ಲಿ ಕೂತು ಅಳು ತೀರಿಸಿಕೊಂಡೆ.

ಕುರುಗೋಡಿನ ಹೊಲದಲ್ಲೂ ಸಸಿಗಳಿಗೆ ಅದೇ ಗತಿಯಾಗಿತ್ತು. ಸಸಿಯ ಜೊತೆ ತಂದಿದ್ದ ಉಳಿದ ಬೀಜವನ್ನು ಅವ್ವ ನನ್ನ ಬಳಿಯೇ ಬಿಟ್ಟುಹೋಗಿದ್ದಳು. ನನಗೂ ಹಟ ಹತ್ತಿತು. ಸತ್ತ ಸಸಿಯ ಬೇರನ್ನು ಅಂದೇ ನೋಡಿದ್ದೆ. ಗೂಟದ ಹಾಗೆ ನೇರ ಇಳಿಯುವ ಬೇರು ನಡುವೆ ತುಂಡಾಗಿತ್ತು. ಅದನ್ನು ಮುಟ್ಟದೆ ನೆಡಬೇಕು ಅನ್ನಿಸಿತು. ಮನೆಯಲ್ಲಿ ಮುತ್ತುಗದೆಲೆಯ ದೊನ್ನೆಗಳಿದ್ದವು. ಮಣ್ಣು ಗೊಬ್ಬರ ತುಂಬಿ ಒಂದೊಂದರಲ್ಲೂ ಒಂದು ಬೀಜ ಊರಿದೆ. ಬಳ್ಳಾರಿ ಬಿಸಿಲಿಗೆ ಹೆದರಿ ಪಡಸಾಲೆಯಲ್ಲಿಟ್ಟೆ. ಅವು ಬೆಳಕು ಹುಡುಕುತ್ತ ಸಣಕಲಾಗಿ ಉದ್ದ ಬೆಳೆದು ಬಿದ್ದುಹೋದವು.

"ಬಾಣಂತಿ ಹಂಗ ಒಳಗಿಟ್ಟರ ಗಟ್ಟಿ ಹೆಂಗ ಆಗ್ತಾವ?" ಎಂದು ಅತ್ತೆ ನಕ್ಕರು. ನಕ್ಕು ಸುಮ್ಮನಾಗಲಿಲ್ಲ, ನನ್ನ ಜೊತೆ ಕೂತು ಮತ್ತೆ ದೊನ್ನೆ ತುಂಬಿದರು. ಈ ಸಲ ಮೊಳಕೆ ಕಾಣುತ್ತಲೇ ಬೆಳಗಿನ ಬಿಸಿಲಿಗಿಟ್ಟೆವು. ದಿನದಿನಕ್ಕೆ ಬಿಸಿಲು ಹೆಚ್ಚಿಸಿ, ನೀರು ಹಿಡಿದು ಹಿಡಿದು ಹಾಕಿದೆವು. ಅಂಗಳದಲ್ಲಿ ಓಡಾಡುವಾಗೆಲ್ಲ ಅತ್ತೆ ಮಕ್ಕಳ ತಲೆ ಸವರಿದಂತೆ ಅವುಗಳ ಮೇಲೆ ಅಂಗೈ ಆಡಿಸುತ್ತಿದ್ದರು. ಸಸಿಗಳು ಗಿಡ್ಡವಾಗಿ, ದಪ್ಪ ಕಾಂಡ ಬಿಟ್ಟು ನಿಂತವು. ನಾಲ್ಕೆಲೆ ಬಂದಾಗ ದೊನ್ನೆಸಮೇತ ಹಿತ್ತಲಲ್ಲಿ ನೆಟ್ಟೆವು. ಒಂದೂ ಬಾಡಲಿಲ್ಲ.

ಉಳಿದವನ್ನು ಅತ್ತೆ ಬುಟ್ಟಿಗೆ ಹೊಂದಿಸಿ, "ನಡಿ, ಕುರುಗೋಡಿಗೆ ಹೋಗಿ ಬರೋಣು," ಎಂದರು. ಕೇಳಿದ್ದೇ ತಡ, ನಾನು ಚಪ್ಪಲಿ ಮೆಟ್ಟಿದೆ. ದಾರಿಯುದ್ದಕ್ಕೂ ಅವರು ಬುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ.

ಅವ್ವ ಬಾಗಿಲಲ್ಲಿ ನಮ್ಮನ್ನು ಕಂಡು "ಬರ್ರಿ" ಎಂದಳು, ಅಷ್ಟೇ.

"ಬಿಸಿಲು ಇಳಿದೈತಿ, ಮೊದಲು ಇವನ್ನ ಹಚ್ಚೋಣು ನಡೀರಿ," ಎಂದರು ಅತ್ತೆ.

ಇಬ್ಬರೂ ಸೀರೆ ಎತ್ತಿ ಕಟ್ಟಿ ಹೊಲದಲ್ಲಿ ಕೂತರು. ಅವ್ವ ಕುಣಿ ತೋಡುವುದು, ಅತ್ತೆ ದೊನ್ನೆ ಇಡುವುದು. ಕೊನೆಯದನ್ನು ಇಡುವಾಗ ಅತ್ತೆ ತಲೆ ಎತ್ತದೆಯೇ ಹೇಳಿದರು: "ಅವತ್ತ ನಾ ಅಂದದ್ದು ತಪ್ಪಾತ್ರಿ." ಅವ್ವ ಬುಡಕ್ಕೆ ಮಣ್ಣು ಒತ್ತುತ್ತಲೇ ಇದ್ದಳು.

ಬಸ್ಸಿನತನಕ ಅವ್ವ ನಮ್ಮ ಜೊತೆ ಬಂದಳು. ನಾವಿಬ್ಬರೂ ಹತ್ತಿ ಕೂತೆವು. ಅವ್ವ ಕಿಟಕಿಯ ಕೆಳಗೆ ನಿಂತಿದ್ದಳು. ಕಂಡಕ್ಟರ್ ಬಂದ.

"ಬಳ್ಳಾರಿ, ಮೂರು," ಎಂದರು ಅತ್ತೆ.

"ಇಬ್ರೇ ಅದೀರಲ್ಲಮ್ಮ?"

"ಕೆಳಗ ನಿಂತಾರ ನೋಡ್ರಿ, ನಮ್ಮ ಬೀಗರು. ಅವರು ಬರೋತನಕ ಸೀಟಿ ಹೊಡೀಬ್ಯಾಡ್ರಿ."

ಅವ್ವ ಕೈಗಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಬಸ್ ಹತ್ತಿದಳು.